ಮಧುಗಿರಿ–ಪಾವಗಡ ಸೀಮೆಯ ಸ್ಥಳನಾಮಗಳು: ಲಿಖಿತ ರೂಪ ಮತ್ತು ಆಡುಮಾತು

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸ್ಥಳನಾಮಗಳನ್ನು ವಿವೇಚಿಸುವಾಗ ಲಿಖಿತ ರೂಪವನ್ನೇ ಮೂಲವೆಂದು ಗ್ರಹಿಸುವುದು ರೂಢಿಯಾಗಿದೆ. ಈ ರೂಢಿ ಎಷ್ಟು ದುರ್ಬಲವೆಂಬುದಕ್ಕೆ ಮಧುಗಿರಿಯ ಹೆಸರೇ ನಿದರ್ಶನ. ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಹೆಸರು ‘ಮದ್ದಗಿರಿ’. ಬೆಟ್ಟದಲ್ಲಿ ಜೇನು ಹೇರಳವಾಗಿದ್ದುದರಿಂದ ಮಧುಗಿರಿಯಾಯಿತೆಂಬ ಜನಪ್ರಿಯ ವಿವರಣೆ ಪರಿಷ್ಕೃತ ರೂಪವನ್ನು ಅವಲಂಬಿಸಿದೆ. ‘ಮದ್ದ’ದಲ್ಲಿನ ದಕಾರದ ದ್ವಿತ್ವಕ್ಕೆ ಅದರಲ್ಲಿ ಸಮಾಧಾನವಿಲ್ಲ. ಹೆಸರನ್ನು ತಿದ್ದಿದ ಬಳಿಕ ಹುಟ್ಟುವ ನಿಷ್ಪತ್ತಿಯನ್ನು ಆಧಾರವೆಂದು ಸ್ವೀಕರಿಸಲಾಗದು.

ಪಾವಗಡದ ಸಮಸ್ಯೆ ಇನ್ನಷ್ಟು ಜಟಿಲವಾದುದು. ಬೆಟ್ಟದಲ್ಲಿ ದೊರೆತ ಹಾವಿನ ಶಿಲ್ಪದಿಂದ ಈ ಹೆಸರು ಬಂದಿತೆಂಬುದು ಐತಿಹ್ಯ. ಹಳಗನ್ನಡದ ‘ಪಾವು’ ಹೊಸಗನ್ನಡದಲ್ಲಿ ‘ಹಾವು’. ಪಕಾರವು ಹಕಾರವಾಗುವ ಪ್ರಕ್ರಿಯೆ ನಡುಗನ್ನಡದಲ್ಲಿ ವ್ಯಾಪಕವಾಗಿ ನಡೆದಿದ್ದರೂ ಇಲ್ಲಿ ಪಕಾರ ಉಳಿದುಕೊಂಡಿದೆ. ಇದನ್ನು ಹಳಗನ್ನಡದ ಅವಶೇಷವೆಂದಷ್ಟೇ ಹೇಳಿ ಮುಗಿಸುವುದು ಅವಸರದ ತೀರ್ಮಾನವಾದೀತು. ತಾಲ್ಲೂಕನ್ನು ಬಹುಮಟ್ಟಿಗೆ ಆಂಧ್ರದ ನೆಲ ಸುತ್ತುವರಿದಿದೆ. ತೆಲುಗಿನಲ್ಲಿ ಹಾವು ಇಂದಿಗೂ ‘ಪಾಮು’. ಪಕಾರದ ಉಳಿವಿಗೆ ಈ ನೆರೆಹೊರೆ ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು. ಇದೇ ತಾಲ್ಲೂಕಿನ ನಾಗಲಮಡಿಕೆಯೂ ಗಮನಾರ್ಹ. ಕನ್ನಡದ ಕಿವಿಗೆ ‘ಮಡಿಕೆ’ ಎಂದರೆ ಮಣ್ಣಿನ ಪಾತ್ರೆ. ಆದರೆ ತೆಲುಗಿನಲ್ಲಿ ‘ನಾಗುಲ’ ಎಂಬುದು ನಾಗಗಳ ಎಂಬ ಷಷ್ಠೀರೂಪ, ‘ಮಡಕ’ ಎಂದರೆ ನೇಗಿಲು. ಉಳುವಾಗ ನಾಗಶಿಲೆ ದೊರೆಯಿತೆಂಬ ಸ್ಥಳೀಯ ಕಥನಕ್ಕೆ ಈ ಎರಡನೆಯ ಅರ್ಥವೇ ಹೊಂದುತ್ತದೆ.

ಈ ಸೀಮೆಯ ನಾಮಸಂಪತ್ತಿನಲ್ಲಿ ಜಲವಾಚಕಗಳಿಗೆ ವಿಶೇಷ ಸ್ಥಾನವಿದೆ. ಕೊರಟಗೆರೆಯಲ್ಲಿ ಕನ್ನಡದ ‘ಕೆರೆ’, ರಾಯಚೆರ್ಲು, ಕ್ಯಾತಗಾನಚೆರ್ಲುಗಳಲ್ಲಿ ತೆಲುಗಿನ ‘ಚೆರುವು’, ಬಳಸಮುದ್ರದಲ್ಲಿ ಸಂಸ್ಕೃತದ ‘ಸಮುದ್ರ’. ಮಳೆ ಕಡಿಮೆಯಾದ ಬಯಲುಸೀಮೆಯಲ್ಲಿ ಕೆರೆಯನ್ನು ಸಮುದ್ರವೆಂದು ಕರೆದುದು ಅತಿಶಯೋಕ್ತಿಯಲ್ಲ, ನೀರಿಗೆ ಸಲ್ಲಿಸಿದ ಗೌರವ.

ದಾಖಲಾತಿಯ ತುರ್ತು ಇರುವುದೂ ಇಲ್ಲಿಯೇ. 2018ರಲ್ಲಿ ಉದ್ಘಾಟನೆಗೊಂಡ ಪಾವಗಡ ಸೌರ ಉದ್ಯಾನವು ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ವ್ಯಾಪಿಸಿದೆ. ರೈತರಿಂದ ಗುತ್ತಿಗೆಗೆ ಪಡೆದ ನೆಲವದು. ಊರಿನ ಹೆಸರುಗಳಿಗೆ ಅಪಾಯವಿಲ್ಲ, ಅವು ನಕ್ಷೆಯಲ್ಲಿವೆ. ಅಳಿಯುವುದು ಹೊಲ, ಹಳ್ಳ, ಕುಂಟೆ, ದಿಣ್ಣೆಗಳ ಹೆಸರು. ಪಹಣಿಯಲ್ಲಿ ಹೊಲವನ್ನು ಗುರುತಿಸುವುದು ಸರ್ವೆ ನಂಬರು. ಹೆಸರು ಉಳಿದಿರುವುದು ಉಳುವವರ, ಕುರಿ ಕಾಯುವವರ ಬಾಯಲ್ಲಿ. ಉಳುಮೆ ನಿಂತು ಬದುಗಳು ಮರೆಯಾದಾಗ ಆ ಹೆಸರನ್ನು ಉಚ್ಚರಿಸುವ ಸಂದರ್ಭವೇ ಇರುವುದಿಲ್ಲ. ಗುತ್ತಿಗೆಯ ಅವಧಿ 28 ವರ್ಷ, ಅಂದರೆ ಹೆಚ್ಚುಕಡಿಮೆ ಒಂದು ತಲೆಮಾರು.

ಆದ್ದರಿಂದ ಕ್ಷೇತ್ರಕಾರ್ಯವು ಶಾಸನ, ಕಡತಗಳಿಂದಲ್ಲ, ಈ ಐದು ಗ್ರಾಮಗಳ ಹಿರಿಯರಿಂದ ಆರಂಭವಾಗಬೇಕು. ಹೆಸರನ್ನು ಕೇಳಿದಂತೆಯೇ ಬರೆದುಕೊಳ್ಳಬೇಕು. ಹೇಳಿದವರ ಮನೆಮಾತು ಕನ್ನಡವೋ ತೆಲುಗೋ ಎಂಬುದನ್ನು ಪಕ್ಕದಲ್ಲಿ ನಮೂದಿಸಬೇಕು. ಸರ್ವೆ ನಂಬರನ್ನೂ ಜೋಡಿಸಬೇಕು. ಒಂದೇ ಕುಂಟೆಗೆ ಎರಡು ಭಾಷೆಗಳಲ್ಲಿ ಎರಡು ಹೆಸರಿದ್ದರೆ ಎರಡೂ ದಾಖಲಾಗಬೇಕು. ನಿಷ್ಪತ್ತಿಯ ಚರ್ಚೆ ಅನಂತರದ್ದು.