ಅಜ್ಜಿಯ ಸಹಿ ಎಲ್ಲಿ?

ವೃದ್ಧಾಶ್ರಮದ ಕಚೇರಿಯಲ್ಲಿ ದಾಖಲಾತಿ ಅರ್ಜಿ ಮೇಜಿನ ಮೇಲಿದೆ. ಹಣ ಕಟ್ಟುವ ಮಗ ಒಂದು ಕಡೆ ಸಹಿ ಹಾಕುತ್ತಾನೆ. ಊರಲ್ಲೇ ಇದ್ದು ಆಗಾಗ ಬಂದು ನೋಡಿಕೊಳ್ಳಬೇಕಾದ ಬಂಧುವೊಬ್ಬರು ಇನ್ನೊಂದು ಕಡೆ. ಕೊನೆಗೆ ವ್ಯವಸ್ಥಾಪಕರ ಸಹಿ, ಅದರ ಮೇಲೊಂದು ಸೀಲು. ಉಳಿದ ಬದುಕನ್ನು ಅಲ್ಲೇ ಕಳೆಯಬೇಕಾದ ಅಜ್ಜಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿರುತ್ತಾರೆ. ಅವರ ಮುಂದೆ ಪೆನ್ನು ಹಿಡಿಯುವುದು ಯಾರಿಗೂ ತೋಚುವುದಿಲ್ಲ.

ಕಾನೂನಿನ ಕಣ್ಣಲ್ಲಿ ಇದು ಸಣ್ಣ ಮರೆವಲ್ಲ. ವಯಸ್ಕ ಮಕ್ಕಳು ತಂದೆ ತಾಯಿಯ ಪೋಷಕರು ಎಂದು ನಮ್ಮ ಯಾವ ಕಾನೂನೂ ತಾನಾಗಿ ಒಪ್ಪಿಕೊಳ್ಳುವುದಿಲ್ಲ. ಎಂಟು ವರ್ಷದ ಮಗುವಿನ ಪರವಾಗಿ ತಾಯಿ ಸಹಿ ಹಾಕಬಹುದು. ಆದರೆ ಎಂಬತ್ತರ ತಾಯಿಯ ಪರವಾಗಿ ಮಗ ಸಹಿ ಹಾಕಬೇಕಾದರೆ ತಾಯಿಯೇ ಅಧಿಕಾರ ಕೊಟ್ಟಿರಬೇಕು, ಇಲ್ಲವೇ ನ್ಯಾಯಾಲಯ ಕೊಟ್ಟಿರಬೇಕು. ಬಿಲ್ಲು ಕಟ್ಟುವವರು ಬೇರೆ, ಹಕ್ಕುಳ್ಳವರು ಬೇರೆ. ಹಿರಿಯರ ಆರೈಕೆಯ ಬಗ್ಗೆ ತಿಳಿಯಬೇಕಾದ ಮಿಕ್ಕೆಲ್ಲವೂ ಇದರಿಂದಲೇ ಹೊರಡುತ್ತದೆ.

ಮಲೆನಾಡಿನ ಕಡೆಯಿಂದ ಬೆಂಗಳೂರಿನ ಆಶ್ರಮಕ್ಕೆ ಬಂದ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳೋಣ. ಹಂಡೆಯ ಬಿಸಿನೀರಲ್ಲಿ ಬೆಳಿಗ್ಗೆ ಐದಕ್ಕೇ ಮಿಂದು, ಕಾಫಿ ಕುಡಿದು, ಹೊಸಿಲಿಗೆ ಎರಡೆಳೆ ರಂಗೋಲಿ ಹಾಕಿ ಅರವತ್ತು ವರ್ಷ ಬದುಕಿದವರು. ಇಲ್ಲಿ ಸ್ನಾನ ವಾರಕ್ಕೆ ಎರಡೇ ಸಲ, ಅದೂ ಆಯಾ ಬಿಡುವಾದಾಗ. ಕಾಫಿ ಇಲ್ಲ, ಎಲ್ಲರಿಗೂ ಒಂದೇ ಪಾತ್ರೆಯ ಚಹಾ. ರಾತ್ರಿ ಏಳಕ್ಕೆ ಊಟ ಮುಗಿದು, ಎಂಟಕ್ಕೆ ದೀಪ ಆರುತ್ತದೆ. ನಿದ್ದೆ ಬಾರದೆ ನಡುರಾತ್ರಿ ಎದ್ದು ಓಡಾಡಿದರೆ ಬಿದ್ದಾರೆಂದು ಹಳೆಯ ಸೀರೆಯ ತುಂಡಿನಿಂದ ಅವರ ಸೊಂಟವನ್ನು ಮಂಚಕ್ಕೆ ಸೇರಿಸಿ ಕಟ್ಟುತ್ತಾರೆ. ಕೇಳಿದರೆ, ‘ಅವರ ಒಳ್ಳೇದಕ್ಕೇ ಸಾರ್’ ಎಂಬ ಉತ್ತರ. ಊಟ ಹಾಕಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ, ಹಾಸಿಗೆ ಬದಲಿಸಿದ್ದಾರೆ. ಆದರೂ ಆ ಅಜ್ಜಿ ಯಾರು ಎಂಬುದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ.

ಟಾಮ್ ಕಿಟ್‌ವುಡ್ ಎಂಬ ಬ್ರಿಟಿಷ್ ಮನೋವಿಜ್ಞಾನಿ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಜೀವನದ ಕೊನೆಯ ವರ್ಷಗಳನ್ನು ಕಳೆದದ್ದು ಈ ಪ್ರಶ್ನೆಯ ಬೆನ್ನು ಹತ್ತಿ. 1997ರಲ್ಲಿ ಬಂದ ಅವರ ಪುಸ್ತಕ, ಮರೆವಿನ ಕಾಯಿಲೆ ಇರುವವರು ಕುಗ್ಗುವುದು ಮೆದುಳಿನ ಸವೆತದಿಂದ ಮಾತ್ರವಲ್ಲ, ಸುತ್ತಲಿನವರು ನಡೆಸಿಕೊಳ್ಳುವ ರೀತಿಯಿಂದಲೂ ಹೌದು ಎಂದು ವಾದಿಸಿತು. ಅವಸರಪಡಿಸುವುದು, ಮಗುವಿನಂತೆ ಗದರುವುದು, ಎದುರಿಗೇ ಇದ್ದರೂ ಇಲ್ಲದವರಂತೆ ಅವರ ಬಗ್ಗೆ ಮಾತಾಡುವುದು, ಇವನ್ನೆಲ್ಲ ಅವರು ಹೆಸರಿಟ್ಟು ಗುರುತಿಸಿದರು. ಕೆಡುಕು ಮನಸ್ಸಿನವರಷ್ಟೇ ಹೀಗೆ ಮಾಡುತ್ತಾರೆಂದು ಅವರು ಹೇಳಲಿಲ್ಲ. ಒಳ್ಳೆಯವರೂ ಅಭ್ಯಾಸಬಲದಿಂದ ಮಾಡುತ್ತಾರೆ. ವ್ಯಕ್ತಿಕೇಂದ್ರಿತ ಆರೈಕೆ ಎಂಬ ಮಾತು ಹರಡಿದ್ದರಲ್ಲಿ ಅವರ ಪಾಲು ದೊಡ್ಡದು. ಅಮೆರಿಕದಲ್ಲಿ ಅದಕ್ಕೂ ಮೊದಲೇ, 1987ರಲ್ಲಿ, ನರ್ಸಿಂಗ್ ಹೋಮ್‌ಗಳ ಸುಧಾರಣೆಯ ಕಾನೂನು ಬಂದಿತ್ತು. ಪ್ರತಿಯೊಬ್ಬ ನಿವಾಸಿಗೂ ಪ್ರತ್ಯೇಕ ಆರೈಕೆ ಯೋಜನೆ ಇರಬೇಕು, ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟಿಹಾಕಬಾರದು ಎಂದು ಅದು ವಿಧಿಸಿತು.

ನಮ್ಮಲ್ಲಿ ಅಂಥ ಒಂದೇ ಕಾನೂನು ಇಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ಜೀವನಾಂಶ ಹಾಗೂ ಕಲ್ಯಾಣ ಕಾಯಿದೆ 2007ರಲ್ಲಿ ಬಂದಿದೆ, ನಿಜ. ಜಿಲ್ಲೆಗೊಂದಾದರೂ ವೃದ್ಧಾಶ್ರಮ ಇರಬೇಕು, ಅಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರಬೇಕು ಎಂದು ಅದರ 19ನೇ ಕಲಮು ಹೇಳುತ್ತದೆ. ಹೇಳುವುದು ‘ಸ್ಥಾಪಿಸಬಹುದು’ ಎಂಬ ಧಾಟಿಯಲ್ಲಿ. ಆ ಒಂದು ಪದ ಸರ್ಕಾರಗಳಿಗೆ ಎಷ್ಟು ಸಡಿಲ ಕೊಟ್ಟಿತೆಂದರೆ, ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳ ಲೆಕ್ಕ ತರಿಸಿಕೊಳ್ಳುವಂತೆ ಕೇಂದ್ರಕ್ಕೆ ಸೂಚಿಸಬೇಕಾಯಿತು. ಖಾಸಗಿ ಆಶ್ರಮಗಳಿಗೆ ನೋಂದಣಿ ಕಡ್ಡಾಯ ಎಂಬ ಮಾತು ಆ ಕಾಯಿದೆಯಲ್ಲಿಲ್ಲ. ಅದನ್ನು ಸೇರಿಸಲು, ಕನಿಷ್ಠ ಗುಣಮಟ್ಟ ನಿಗದಿ ಮಾಡಲು 2019ರಲ್ಲಿ ಲೋಕಸಭೆಗೆ ತಿದ್ದುಪಡಿ ಮಸೂದೆ ಬಂತು, ಸ್ಥಾಯಿ ಸಮಿತಿಗೂ ಹೋಗಿಬಂತು. ಆದರೆ 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅಲ್ಲಿಗೇ ಬಿದ್ದುಹೋಯಿತು. ದೇಶದ ಕೋಟಿಗಟ್ಟಲೆ ಹಿರಿಯರಿಗೆ ಬೇಕಾಗಿದ್ದ ಮಸೂದೆ ಅದು, ಹಾಗೆ ಬೀಳಬಾರದಿತ್ತು.

ಹಾಗೆಂದು ಅಜ್ಜಿ ನಿರಾಯುಧರಲ್ಲ. ಬೇರೆ ಬೇರೆ ಕಾನೂನುಗಳಲ್ಲಿ ಹರಿದು ಹಂಚಿಹೋಗಿರುವ ಹಕ್ಕುಗಳನ್ನು ಒಟ್ಟುಮಾಡಿಕೊಳ್ಳಬೇಕು ಅಷ್ಟೇ.

ಸೀರೆಯ ತುಂಡಿನಿಂದಲೇ ಆರಂಭಿಸೋಣ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017 ಎಂದರೆ ‘ಹುಚ್ಚಾಸ್ಪತ್ರೆಯ ಕಾನೂನು’ ಎಂದು ಜನ ಪಕ್ಕಕ್ಕಿಡುತ್ತಾರೆ. ಆದರೆ ಮಾನಸಿಕ ಕಾಯಿಲೆಗೆ ಕಾಯಿದೆ ಕೊಡುವ ವ್ಯಾಖ್ಯಾನದಲ್ಲಿ ಯೋಚನೆ, ಭಾವನೆಗಳ ಜೊತೆಗೆ ನೆನಪಿನ ತೀವ್ರ ಏರುಪೇರೂ ಸೇರಿದೆ. ಹಾಗಾಗಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರನ್ನು ಇರಿಸಿಕೊಂಡು ಆರೈಕೆ ಮಾಡುವ ಕೇಂದ್ರಗಳು ಇದರಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜಿದೆ. ಈ ಕಾಯಿದೆಯ 97ನೇ ಕಲಮಿನ ಪ್ರಕಾರ ಒಬ್ಬರನ್ನು ಒಂಟಿಯಾಗಿ ಕೂಡಿಹಾಕುವಂತಿಲ್ಲ. ದೈಹಿಕವಾಗಿ ಕಟ್ಟಿಹಾಕಬೇಕಾದರೆ, ಕಣ್ಣೆದುರಿನ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿರಬೇಕು, ಜವಾಬ್ದಾರಿ ಹೊತ್ತ ಮನೋವೈದ್ಯರ ಒಪ್ಪಿಗೆ ಇರಬೇಕು, ಕಾರಣ ದಾಖಲಾಗಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೂ ಕಟ್ಟುವಂತಿಲ್ಲ. ಈ ಕೊನೆಯ ಮಾತನ್ನು ಶಾಸಕರು ಬಿಡಿಸಿ ಬರೆದಿದ್ದಾರೆ. ಆಶ್ರಮಗಳಲ್ಲಿ ಹೆಚ್ಚಾಗಿ ಕೇಳಿಬರುವ ನೆಪವೇ ಅದು. ಕಾಯಿದೆ ಮುರಿದರೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಅದೇ ಕಾಯಿದೆಯ 4ನೇ ಕಲಮು ಇನ್ನೂ ಮುಖ್ಯ. ಆರೈಕೆಯ ಬಗ್ಗೆ ಹಿರಿಯರು ತೆಗೆದುಕೊಂಡ ತೀರ್ಮಾನ ಬೇರೆಯವರಿಗೆ ತಪ್ಪೆಂದು ಕಂಡ ಮಾತ್ರಕ್ಕೆ ಅವರಿಗೆ ತೀರ್ಮಾನಿಸುವ ಶಕ್ತಿ ಇಲ್ಲವೆಂದು ಹೇಳುವಂತಿಲ್ಲ. ಮಾತು ನಿಂತಿದ್ದರೂ ಸರಿಯೇ; ಮುಖಭಾವದಿಂದ, ಕೈಸನ್ನೆಯಿಂದ ತಿಳಿಸಿದ್ದೂ ತೀರ್ಮಾನವೇ. ವಿಷಯವನ್ನು ಅವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಹೇಳಬೇಕಾದದ್ದು ಎದುರಿಗಿರುವವರ ಕರ್ತವ್ಯ. ಕನ್ನಡ ಮಾತ್ರ ಬಲ್ಲ ಅಜ್ಜಿಯ ಮುಂದೆ ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆ ಪತ್ರ ಹಿಡಿಯುವುದು ಈ ಕಲಮಿನ ಆಶಯಕ್ಕೇ ವಿರುದ್ಧ.

ಮುಂದೊಂದು ದಿನ ನೆನಪು ಪೂರ್ತಿ ಕೈಕೊಟ್ಟರೆ? ಅದಕ್ಕೆ 14ನೇ ಕಲಮು ಒಂದು ಸುಲಭದ ದಾರಿ ಇಟ್ಟಿದೆ: ನಾಮನಿರ್ದೇಶಿತ ಪ್ರತಿನಿಧಿ. ಛಾಪಾ ಕಾಗದ ಬೇಡ, ವಕೀಲರೂ ಬೇಡ. ಬಿಳಿ ಹಾಳೆಯ ಮೇಲೆ ‘ಇಂಥವರು ನನ್ನ ಪ್ರತಿನಿಧಿ’ ಎಂದು ಬರೆದು ಸಹಿ ಹಾಕಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ದೊಡ್ಡ ಮಗನನ್ನೇ ಹೆಸರಿಸಬೇಕೆಂದಿಲ್ಲ. ದಿನವೂ ಫೋನ್ ಮಾಡುವ ತಂಗಿಯ ಮಗಳಾದರೂ ಆದೀತು. ಬೇಡವೆನಿಸಿದರೆ ಬದಲಿಸಲೂ ಬಹುದು. ತೀರ್ಥಯಾತ್ರೆಗೆ ಹೊರಡುವ ಮುನ್ನ ಬೀಗದ ಕೈಯನ್ನು ಯಾರ ಕೈಗೆ ಕೊಡಬೇಕೆಂದು ನಮ್ಮ ಹಿರಿಯರು ತಾವೇ ಯೋಚಿಸಿ ಕೊಡುತ್ತಿದ್ದರಲ್ಲ, ಹಾಗೆ.

ಜೀವದ ಕೊನೆಯ ಘಟ್ಟದ ಚಿಕಿತ್ಸೆಗೆ ಬೇರೆಯೇ ಪತ್ರ ಬೇಕು. ಗುಣವಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್ ಮುಂತಾದವು ಬೇಡ ಎಂದು ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು. ಮ್ಯಾಜಿಸ್ಟ್ರೇಟರ ಮುಂದೆ ಸಹಿಯಾಗಬೇಕೆಂಬ ಕಠಿಣ ನಿಯಮವನ್ನು 2023ರ ಜನವರಿಯಲ್ಲಿ ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಆಯಿತು. ಇದನ್ನು ಜಾರಿಗೆ ತರಲು ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಘನತೆಯ ಸಾವಿನ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಾನುಗಟ್ಟಲೆ ಪತ್ರ ಬರೆದು ಹೋರಾಡಿದ್ದರು.

ಇನ್ನು ಹಣದ ವಿಷಯ. ಆಶ್ರಮದ ಖರ್ಚನ್ನು ಮಕ್ಕಳಿಂದ ಕೇಳಬಹುದೇ? ಕೇಳಬಹುದು. 2007ರ ಕಾಯಿದೆಯಲ್ಲಿ ಜೀವನಾಂಶವೆಂದರೆ ಊಟ, ಬಟ್ಟೆ, ವಾಸ, ವೈದ್ಯಕೀಯ ಆರೈಕೆ, ಎಲ್ಲವೂ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿ ನೇತೃತ್ವದ ನ್ಯಾಯಮಂಡಳಿಗೆ, ಅಂದರೆ ಜನ ‘ಏಸಿ ಆಫೀಸು’ ಎನ್ನುವಲ್ಲಿಗೆ. ಓಡಾಡಲಾಗದವರು ಬೇರೆಯವರಿಗೆ ಅಥವಾ ಸಂಸ್ಥೆಯೊಂದಕ್ಕೆ ಅಧಿಕಾರ ಕೊಟ್ಟು ಅರ್ಜಿ ಹಾಕಿಸಬಹುದು. ಮಂಡಳಿ ತಾನಾಗಿಯೂ ಪ್ರಕರಣ ಎತ್ತಿಕೊಳ್ಳಬಹುದು. ಎದುರು ಪಕ್ಷಕ್ಕೆ ನೋಟಿಸು ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಒಮ್ಮೆ ಮಾತ್ರ 30 ದಿನ ಹೆಚ್ಚು. ತೀರ್ಪು ಒಪ್ಪಿಗೆಯಾಗದ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಯ ಮುಂದೆ ಮೇಲ್ಮನವಿ ಹಾಕಬಹುದು.

ಒಂದು ತೊಡಕಿದೆ. ಈ ಕಾಯಿದೆಯಡಿ ತಿಂಗಳಿಗೆ ಸಿಗುವ ಜೀವನಾಂಶದ ಮಿತಿ 10,000 ರೂಪಾಯಿ. ಹಾಸಿಗೆ ಹಿಡಿದವರನ್ನು ಹಗಲು ರಾತ್ರಿ ನೋಡಿಕೊಳ್ಳುವ ಕೇಂದ್ರಗಳಲ್ಲಿ ಅಷ್ಟರಲ್ಲಿ ಏನೂ ಆಗುವುದಿಲ್ಲ. ಹೆಚ್ಚು ಬೇಕಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಅಲ್ಲಿ ಮೊತ್ತಕ್ಕೆ ಮಿತಿಯಿಲ್ಲ. ತಂದೆ ತಾಯಿ ವಾಸವಿರುವ ಊರಿನಲ್ಲೇ ಅರ್ಜಿ ಹಾಕುವ ಅವಕಾಶವನ್ನೂ ಹೊಸ ಸಂಹಿತೆ ಕೊಟ್ಟಿದೆ. ಮಗ ಪುಣೆಯಲ್ಲಿದ್ದಾನೆಂದು ಹಾವೇರಿಯ ಅಪ್ಪ ಅಲ್ಲಿಗೆ ಅಲೆಯಬೇಕಿಲ್ಲ. ಆದರೆ ಎರಡು ದಾರಿಗಳಲ್ಲಿ ಒಂದನ್ನೇ ಹಿಡಿಯಬೇಕು.

ಮನೆಯನ್ನು ಮಕ್ಕಳ ಹೆಸರಿಗೆ ಮಾಡಿಕೊಟ್ಟು ಬರಿಗೈಯಾದವರಿಗೆ 2007ರ ಕಾಯಿದೆಯ 23ನೇ ಕಲಮು ಇದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನ ಕೊಟ್ಟಿದ್ದು, ಪಡೆದವರು ಷರತ್ತು ಮುರಿದರೆ ದಾನಪತ್ರವನ್ನು ನ್ಯಾಯಮಂಡಳಿಯಿಂದ ರದ್ದು ಮಾಡಿಸಬಹುದು. ಮಧ್ಯಪ್ರದೇಶದ ಊರ್ಮಿಳಾ ದೀಕ್ಷಿತ್ ಎಂಬ ತಾಯಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜನವರಿ 2ರಂದು ಆಸ್ತಿಯನ್ನು ಅವರಿಗೇ ಮರಳಿ ಕೊಡಿಸಿತು. ಆದರೆ 2022ರ ಸುದೇಶ್ ಛಿಕ್ಕಾರಾ ತೀರ್ಪಿನಲ್ಲಿ ಷರತ್ತು ಇತ್ತೆಂದು ತೋರಿಸಲಾಗದ ಕಾರಣ ಹಿರಿಯರ ಕೈ ಮೇಲಾಗಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುನ್ನ ಪತ್ರದಲ್ಲಿ ಆ ಒಂದು ಸಾಲು ಇದೆಯೇ ಎಂದು ಓದಿಸಿಕೊಳ್ಳುವುದು ಒಳ್ಳೆಯದು.

ಆಶ್ರಮದವರ ಜೊತೆಗೇ ಜಗಳವಾದರೆ ಬಾಗಿಲು ಬೇರೆ. ದುಡ್ಡು ತೆಗೆದುಕೊಂಡು ಸೇವೆ ಕೊಡುವ ಆಶ್ರಮದ ಮುಂದೆ ಹಿರಿಯರು ಗ್ರಾಹಕರೇ. ಮಾತು ಕೊಟ್ಟ ಸೇವೆ ಸಿಗದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ತಾವೇ ವಾದಿಸಬಹುದು. ಸಲಹೆಗೆ 1915ಕ್ಕೆ ಕರೆ ಮಾಡಬಹುದು. ಕೆಲವು ಕರಾರುಗಳಲ್ಲಿ ‘ಯಾವುದೇ ಕಾರಣ ನೀಡದೆ ನಿವಾಸಿಯನ್ನು ಹೊರಗೆ ಕಳಿಸುವ ಹಕ್ಕು ಆಡಳಿತಕ್ಕಿದೆ’ ಎಂಬಂಥ ಸಾಲಿರುತ್ತದೆ, ಠೇವಣಿ ವಿಪರೀತ ಎನಿಸುವಷ್ಟಿರುತ್ತದೆ. ಇವೆರಡನ್ನೂ ಕಾಯಿದೆ ‘ಅನ್ಯಾಯದ ಕರಾರು’ ಎಂದು ಗುರುತಿಸಿದೆ. ಅಂಥ ದೂರು ರಾಜ್ಯ ಆಯೋಗಕ್ಕೆ ಹೋಗುತ್ತದೆ.

ಬಹಳ ಮಂದಿಗೆ ತಿಳಿಯದ ಇನ್ನೊಂದು ಕಲಮು ಭಾರತೀಯ ನ್ಯಾಯ ಸಂಹಿತೆಯ 357. ಕಾಯಿಲೆ ಅಥವಾ ನಿಶ್ಶಕ್ತಿಯಿಂದ ಅಸಹಾಯಕರಾದವರನ್ನು ನೋಡಿಕೊಳ್ಳಲು ಕರಾರಿನಿಂದ ಬದ್ಧರಾಗಿದ್ದೂ ಬೇಕೆಂದೇ ಕೈಬಿಟ್ಟರೆ ಅದು ಅಪರಾಧ. ಮೂರು ತಿಂಗಳವರೆಗೆ ಸೆರೆಯಾಗಬಹುದು. ಆಶ್ರಮಕ್ಕಷ್ಟೇ ಅಲ್ಲ, ಏಜೆನ್ಸಿಯಿಂದ ಮನೆಗೆ ಬರುವ ಹೋಮ್ ನರ್ಸ್‌ಗೂ ಇದು ತಟ್ಟುತ್ತದೆ. ಹಿರಿಯರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಅವರನ್ನು ತೊರೆದುಹೋದರೆ 2007ರ ಕಾಯಿದೆಯ 24ನೇ ಕಲಮಿನಲ್ಲೂ ಶಿಕ್ಷೆಯಿದೆ. ತುರ್ತಿಗೆ ಹಿರಿಯರ ಸಹಾಯವಾಣಿ 14567. ಉಚಿತ ಕಾನೂನು ನೆರವಿಗೆ 15100, ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿ.

ಆದರೆ ಐದು ಗಂಟೆಯ ಸ್ನಾನಕ್ಕಾಗಿ, ಲೋಟದ ಕಾಫಿಗಾಗಿ ಯಾರು ಕೋರ್ಟಿಗೆ ಹೋದಾರು? ಇದಕ್ಕೊಂದು ಉಪಾಯವಿದೆ. ಕರಾರಿಗೆ ಅನುಬಂಧವೆಂದು ಒಂದು ಪುಟ ಸೇರಿಸಬೇಕು. ಅದರಲ್ಲಿ ಅಜ್ಜಿಯ ದಿನಚರಿ ಅವರ ಬಾಯಿಂದಲೇ ಕೇಳಿ ಬರೆದಿರಬೇಕು: ಏಳುವ ಹೊತ್ತು, ಸ್ನಾನದ ಹೊತ್ತು, ಏನು ತಿನ್ನುತ್ತಾರೆ, ಏನು ಮುಟ್ಟುವುದಿಲ್ಲ, ಯಾವ ಹೆಸರಿಂದ ಕರೆದರೆ ಓಗೊಡುತ್ತಾರೆ, ಬಲಗಿವಿ ಕೇಳುವುದಿಲ್ಲವಾದ್ದರಿಂದ ಎಡಗಡೆ ನಿಂತು ಮಾತಾಡಬೇಕು, ಬಟ್ಟೆ ಬದಲಿಸಲು ಹೆಂಗಸರೇ ಬರಬೇಕು, ಕೋಣೆಯೊಳಗೆ ಕ್ಯಾಮೆರಾ ಬೇಡ, ಯಾರಿಗೆ ಯಾವಾಗ ಫೋನ್ ಮಾಡಿಕೊಡಬೇಕು. ವ್ಯವಸ್ಥಾಪಕರು ಅದಕ್ಕೆ ಸಹಿ ಹಾಕಿದ ಕ್ಷಣದಿಂದ ಅದು ಅಜ್ಜಿಯ ಚಪಲವಲ್ಲ, ಹಣ ಪಡೆದು ಒಪ್ಪಿಕೊಂಡ ಸೇವೆ. ತಪ್ಪಿದರೆ ಸೇವಾನ್ಯೂನತೆ ಎಂದು ಆಯೋಗದ ಮುಂದೆ ಇಡಲು ಕೈಯಲ್ಲಿ ಪುರಾವೆ ಇರುತ್ತದೆ. ಒಳ್ಳೆಯ ಆಶ್ರಮಗಳು ಈ ಪುಟವನ್ನು ತಾವೇ ಕೇಳಿ ಬರೆಸಿಕೊಳ್ಳುತ್ತವೆ. ತಕರಾರು ತೆಗೆಯುವ ಆಶ್ರಮ ಎಂಥದೆಂದು ಠೇವಣಿ ಕಟ್ಟುವ ಮುನ್ನವೇ ಗೊತ್ತಾಗಿಬಿಡುತ್ತದೆ.

ಎರಡು ಪ್ರತಿ ಮಾಡಿಸಬೇಕು. ಒಂದು ಆಶ್ರಮದ ಕಡತಕ್ಕೆ, ಇನ್ನೊಂದು ಅಜ್ಜಿಯ ಕೈಚೀಲಕ್ಕೆ. ಎರಡರ ಕೆಳಗೂ ಮೊದಲ ಸಹಿ ಅಜ್ಜಿಯದಿರಬೇಕು. ಕೈ ನಡುಗಿದರೆ ಹೆಬ್ಬೆಟ್ಟು.