ಉಪ್ಪಿನೊಳಗಿನ ಸೋಡಿಯಂ ಬ್ಯಾಟರಿಗೆ ಬಂದಾಗ

ಮಕ್ಕಳೇ, ಸವದತ್ತಿಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೀವು ನೋಡಿರಬಹುದು. ಗಾಳಿ ಬೀಸಿದಾಗ ಅವು ವಿದ್ಯುತ್ತನ್ನು ಉತ್ಪಾದಿಸುತ್ತವೆ. ಗಾಳಿ ನಿಂತರೆ? ಸೌರಫಲಕದ ಕಥೆಯೂ ಅಷ್ಟೇ. ಹೊತ್ತು ಮುಳುಗಿದರೆ ಅದರ ಕೆಲಸ ಮುಗಿಯಿತು. ಆದರೆ ನಿಮಗೆ ಓದಲು ದೀಪ ಬೇಕಾಗುವುದು ರಾತ್ರಿಯಲ್ಲಿ! ನವಿಲುತೀರ್ಥದ ಅಣೆಕಟ್ಟು ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡುತ್ತದೆ. ಹಾಗೆಯೇ ವಿದ್ಯುತ್ತನ್ನೂ ಕೂಡಿಡಬೇಕು. ಅದಕ್ಕೆ ಒಂದು ದಾರಿ ಬ್ಯಾಟರಿ.

ಸೋಡಿಯಂ ಏಕೆ?

ಮೊಬೈಲ್ ಫೋನಿನಲ್ಲಿರುವುದು ಲಿಥಿಯಂ ಬ್ಯಾಟರಿ. ಲಿಥಿಯಂಗಾಗಿ ನಮ್ಮ ದೇಶ ಬೇರೆ ದೇಶಗಳನ್ನು ಅವಲಂಬಿಸಿದೆ. ಸೋಡಿಯಂ ಹಾಗಲ್ಲ. ಅಡುಗೆ ಉಪ್ಪು ಸೋಡಿಯಂ ಮತ್ತು ಕ್ಲೋರಿನ್‌ಗಳ ಸಂಯುಕ್ತ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ಹೆಚ್ಚಿನ ಪಾಲು ಉಪ್ಪೇ. ಸೋಡಿಯಂ ಬ್ಯಾಟರಿ ಸ್ವಲ್ಪ ಹೆಚ್ಚು ಭಾರ, ನಿಜ. ಆದರೆ ಗಾಳಿಯಂತ್ರದ ಪಕ್ಕದಲ್ಲೇ ಇರುವ ಬ್ಯಾಟರಿ ಭಾರವಾದರೆ ಏನು ತೊಂದರೆ?

ಒಳಗೆ ಏನು ನಡೆಯುತ್ತದೆ?

ಬ್ಯಾಟರಿಯಲ್ಲಿ ಧನ ಮತ್ತು ಋಣ ಎಂಬ ಎರಡು ವಿದ್ಯುದಗ್ರಗಳಿವೆ. ಚಾರ್ಜ್ ಮಾಡುವಾಗ ಸೋಡಿಯಂ ಅಯಾನುಗಳು ಋಣ ವಿದ್ಯುದಗ್ರಕ್ಕೆ ಬಂದು ಸೇರುತ್ತವೆ. ಬಳಸುವಾಗ ಅವು ಒಳಗಿನ ದ್ರಾವಣದ ಮೂಲಕ ಧನ ವಿದ್ಯುದಗ್ರಕ್ಕೆ ಮರಳುತ್ತವೆ. ಆಗ ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿದು ದೀಪ ಬೆಳಗಿಸುತ್ತವೆ.

ಲಿಥಿಯಂ ಬ್ಯಾಟರಿಯ ಋಣ ವಿದ್ಯುದಗ್ರ ಸಾಮಾನ್ಯವಾಗಿ ಗ್ರಾಫೈಟ್. ಅದರ ಪದರಗಳು ಬುಟ್ಟಿಯಲ್ಲಿ ಪೇರಿಸಿಟ್ಟ ರೊಟ್ಟಿಗಳಂತೆ ಇರುತ್ತವೆ. ನಡುವಿನ ಸಂದಿಗಳಲ್ಲಿ ಲಿಥಿಯಂ ನೆಲೆಸುತ್ತದೆ. ಸೋಡಿಯಂ ಅಯಾನು ಅದಕ್ಕಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದು. ಗ್ರಾಫೈಟಿನೊಡನೆ ಅದರ ಬಂಧವೂ ದುರ್ಬಲ. ಆದ್ದರಿಂದ ಅದಕ್ಕೆ ಬೇರೆ ಮನೆಯೇ ಬೇಕು. ಪದರಗಳು ಅಸ್ತವ್ಯಸ್ತವಾಗಿರುವ, ಸಂದಿಗಳು ಅಗಲವಾಗಿರುವ ಗಟ್ಟಿ ಇಂಗಾಲ ಅಂಥ ಒಂದು ಮನೆ. ಕಬ್ಬಿನ ಸಿಪ್ಪೆಯಿಂದಲೂ ಇದನ್ನು ತಯಾರಿಸಬಹುದು!

ಪುಡಿಯ ಮಹಿಮೆ

1 ಸೆಂ.ಮೀ. ಬಾಹುವಿನ ಒಂದು ಘನದ ಮೇಲ್ಮೈ ವಿಸ್ತೀರ್ಣ 6 ಚ.ಸೆಂ.ಮೀ. ಅದನ್ನು 1 ಮಿ.ಮೀ. ಬಾಹುವಿನ ಘನಗಳಾಗಿ ಕತ್ತರಿಸಿ. 1000 ತುಂಡುಗಳಾದವು. ಒಟ್ಟು ಮೇಲ್ಮೈ 60 ಚ.ಸೆಂ.ಮೀ. ಆಯಿತು! ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ಕಣಗಳು ಇಷ್ಟು ಚಿಕ್ಕದಾದರೆ ಅಯಾನುಗಳಿಗೆ ಒಳಹೋಗಲು ಬಾಗಿಲು ಹೆಚ್ಚು, ನಡೆಯುವ ದಾರಿ ಕಡಿಮೆ. ಚಾರ್ಜ್ ಬೇಗ ಆಗುತ್ತದೆ. ಆದರೆ ಮೇಲ್ಮೈ ಹೆಚ್ಚಾದರೆ ದ್ರಾವಣದೊಡನೆ ಬೇಡದ ಕ್ರಿಯೆಗಳೂ ಹೆಚ್ಚಬಹುದು. ಹೀಗಾಗಿ ಹದ ಮುಖ್ಯ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಈ ಹದವನ್ನು ಹುಡುಕಿತು. ವೆನೇಡಿಯಂ, ನಿಯೋಬಿಯಂ ಮತ್ತು ಫಾಸ್ಫೇಟ್ ಇರುವ ಋಣ ವಿದ್ಯುದಗ್ರದ ವಸ್ತುವನ್ನು ಅವರು ನ್ಯಾನೋ ಕಣಗಳಾಗಿಸಿದರು, ಇಂಗಾಲದ ತೆಳು ಹೊದಿಕೆ ಹೊದಿಸಿದರು, ಸ್ವಲ್ಪ ಅಲ್ಯೂಮಿನಿಯಂ ಸೇರಿಸಿದರು. ಈ ಬ್ಯಾಟರಿ ಆರೇ ನಿಮಿಷಗಳಲ್ಲಿ ಶೇ. 80ರಷ್ಟು ಚಾರ್ಜ್ ಆಗುತ್ತದೆ, 3000ಕ್ಕೂ ಹೆಚ್ಚು ಬಾರಿ ಚಾರ್ಜ್ ಮಾಡಬಹುದು ಎಂದು 2025ರಲ್ಲಿ ಪ್ರಕಟಿಸಲಾಯಿತು. ಪ್ರಯೋಗಾಲಯದಿಂದ ಅಂಗಡಿಗೆ ಬರಲು ಇನ್ನೂ ಕೆಲಸವಿದೆ.

ಮಾಡಿ ನೋಡಿ

ಸಮ ಗಾತ್ರದ ಎರಡು ಬೆಲ್ಲದ ತುಂಡುಗಳನ್ನು ತೆಗೆದುಕೊಳ್ಳಿ. ಒಂದನ್ನು ಪುಡಿ ಮಾಡಿ. ಎರಡು ಲೋಟಗಳಲ್ಲಿ ಒಂದೇ ಅಳತೆಯ ನೀರು ಹಾಕಿ, ಒಂದರಲ್ಲಿ ಪುಡಿಯನ್ನು, ಇನ್ನೊಂದರಲ್ಲಿ ತುಂಡನ್ನು ಹಾಕಿ. ಯಾವುದು ಬೇಗ ಕರಗಿತು? ಬ್ಯಾಟರಿಯಲ್ಲಿ ಕಣಗಳು ಕರಗುವುದಿಲ್ಲ. ಆದರೆ ಮೇಲ್ಮೈ ಹೆಚ್ಚಿದರೆ ಕೆಲಸ ಬೇಗ ಎಂಬ ತತ್ವ ಎರಡರಲ್ಲೂ ಒಂದೇ.

ಎಚ್ಚರ: ಹಳೆಯ ಅಥವಾ ಉಬ್ಬಿದ ಬ್ಯಾಟರಿಯನ್ನು ಒಡೆಯಬೇಡಿ, ಚುಚ್ಚಬೇಡಿ, ಬೆಂಕಿಗೆ ಹಾಕಬೇಡಿ.

ಯೋಚಿಸಿ: ಆ 1 ಮಿ.ಮೀ. ಘನಗಳನ್ನು ಮತ್ತೆ ಹತ್ತನೇ ಒಂದರಷ್ಟು ಬಾಹುವಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ ವಿಸ್ತೀರ್ಣ ಎಷ್ಟಾಗುತ್ತದೆ?