ವೈಸ್ ಮುಂದೆ ನಿಂತ ಗಂಟೆಗಳು

ಸರ್ಕಾರಿ ಐಟಿಐಯಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಟ್ರೇಡ್ ಕಲಿಸಿದೆ. ನಿವೃತ್ತಿಯ ದಿನ ಹಾರ ಹಾಕಿ, "ಹೊಸಬ್ರಿಗೆ ನಾಕು ಮಾತು ಹೇಳಿ ಸಾರ್" ಅಂದರು. ಆಗ ಬಾಯಿ ಕಟ್ಟಿತು. ಹೊಸದಾಗಿ ಕಲಿಸಲು ಬರುವವರಿಗಾಗಿ ಈಗ ಬರೆಯುತ್ತಿದ್ದೇನೆ.

1. ಮೊದಲ ತಿಂಗಳು ತುಂಡು ಬಿಗಿಯುವ ವೈಸ್ ಮುಂದೆ ನಿಲ್ಲಿಸಿ ಅರ ಹಿಡಿಸಿ. ಹುಡುಗರು ಗೊಣಗುತ್ತಾರೆ, ಅಂಗೈ ಬೊಬ್ಬೆ ತೋರಿಸುತ್ತಾರೆ. ಹೊಸಬ ಅರ ಉಜ್ಜಿದರೆ ಕೈ ತೂಗಾಡಿ ಕಬ್ಬಿಣದ ಪಟ್ಟಿಯ ನಡುವೆ ಹೊಟ್ಟೆ ಬರುತ್ತದೆ, ಅಂಚು ಇಳಿಯುತ್ತದೆ. ಟ್ರೈಸ್ಕ್ವೇರ್ ಇಟ್ಟು ಕಿಟಕಿಯತ್ತ ಹಿಡಿದರೆ ಸಂದಿಯಲ್ಲಿ ಬೆಳಕು ಸೋರುತ್ತದೆ. ಆ ಬೆಳಕನ್ನು ಅವನೇ ನೋಡಬೇಕು. ನೀವು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಸಿಎನ್‌ಸಿ ಎಂಬ ಕಂಪ್ಯೂಟರ್ ಯಂತ್ರದ ಕಾಲದಲ್ಲಿ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಸಿಎನ್‌ಸಿ ಮುಂದೆ ನಿಂತ ನನ್ನ ಹಳೆಯ ಹುಡುಗನೊಬ್ಬ ಫೋನಿನಲ್ಲಿ ಹೇಳಿದ್ದು ಇಷ್ಟು: "ಬಟನ್ ಒತ್ತೋದೇ ಸಾರ್ ಕೆಲಸ. ಆದ್ರೆ ಪೀಸ್ ಸರಿಯಾಗಿ ಕೂತಿಲ್ಲ ಅಂತ ಕೈಗೆ ಮೊದ್ಲು ಗೊತ್ತಾಗುತ್ತೆ."

2. ವೇಳಾಪಟ್ಟಿಯ ಗಂಟೆಯೇ ಬೇರೆ, ಹುಡುಗನಿಗೆ ಸಿಗುವ ಗಂಟೆಯೇ ಬೇರೆ. ಮೊದಲು ವರ್ಷಕ್ಕೆ 1600 ಗಂಟೆ ಇದ್ದ ತರಬೇತಿ 2022ರ ಪಠ್ಯಕ್ರಮದಲ್ಲಿ 1200ಕ್ಕೆ ಇಳಿಯಿತು. ಮೊದಲ ವರ್ಷ ಅದರಲ್ಲಿ 840 ಪ್ರಾಕ್ಟಿಕಲ್, 240 ಥಿಯರಿ, ಉಳಿದ 120 ಎಂಪ್ಲಾಯಬಿಲಿಟಿ ಸ್ಕಿಲ್ಸ್. ಇಪ್ಪತ್ತು ಜನರ ಬ್ಯಾಚಿಗೆ ನಡೆಯುವ ಲೇತ್ ಎರಡೇ ಇದ್ದರೆ ನೂರು ಗಂಟೆಯ ಲೇತ್ ಪಾಠದಲ್ಲಿ ಒಬ್ಬನ ಪಾಲಿಗೆ ಹತ್ತು. ಮಿಕ್ಕ ತೊಂಬತ್ತು ಗಂಟೆ ಅವನು ಗೋಡೆಗೆ ಒರಗಿ ನಿಂತಿರುತ್ತಾನೆ. ಹಾಜರಿ ಪುಸ್ತಕದಲ್ಲಿ ಮಾತ್ರ ನೂರೂ ಭರ್ತಿ. ನಾನು ಗೋಡೆಯ ಪಕ್ಕ ಒಂದು ಚಾರ್ಟ್ ತೂಗಿಹಾಕಿ, ಯಂತ್ರ ಮುಟ್ಟಿದ ಹೊತ್ತನ್ನು ಹೆಸರಿನ ಮುಂದೆ ಬರೆಸಿದೆ. ಮುಂದೆ ನುಗ್ಗುವ ನಾಲ್ವರೇ ಅರ್ಧ ಹೊತ್ತು ನುಂಗುತ್ತಿದ್ದರೆಂದು ಗೊತ್ತಾಯಿತು. ಹದಿನೈದು ವರ್ಷ ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

3. ಕಳ್ಳ ಕೆಲಸ ಕಂಡರೆ ಬೈಯುವ ಮುಂಚೆ ಕೂತು ಕೇಳಿ. ಒಂದು ಚೌಕ ಇನ್ನೊಂದರಲ್ಲಿ ಕೂರಬೇಕಾದ ಜಾಬ್‌ನಲ್ಲಿ ಹೆಚ್ಚು ಉಜ್ಜಿ ಸಂದಿ ಬಿಟ್ಟ ಹುಡುಗ, ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಲೋಹ ಉಬ್ಬಿಸಿ ಮುಚ್ಚಿದ್ದ. ನಾನೂ ಹುಡುಗನಾಗಿದ್ದಾಗ ಇದನ್ನೇ ಮಾಡಿದ್ದೆ. ತಪ್ಪಾಯಿತು ಅಂದವನಿಗೆ ಹೊಸ ತುಂಡು ಸಿಗುವುದಿಲ್ಲ, ಬೈಗುಳ ಸಿಗುತ್ತದೆ; ಹಾಗಾಗಿ ಬಡಿಯುತ್ತಾರೆ. ಕೆಡಿಸಿ ತಾನಾಗಿ ಹೇಳಿದವನಿಗೆ ಇನ್ನೊಂದು ತುಂಡು ಅಂತ ನಿಯಮ ಮಾಡಿದೆ. ಸ್ಟೋರಿನವರ ಜತೆ ಅದಕ್ಕಾಗಿ ಆಡಿದ ಜಗಳ ಇಲ್ಲಿ ಬೇಡ.

4. ಹತ್ತನೇ ಪಾಸಾದವನಿಗೂ ದಶಾಂಶ ಬರುವುದಿಲ್ಲ ಎಂದುಕೊಂಡೇ ಶುರು ಮಾಡಿ. ವರ್ನಿಯರ್‌ನ ಕನಿಷ್ಠ ಅಳತೆ 0.02 ಮಿ.ಮೀ. ಅಂತ ಅವರಿಗೆ ಬಾಯಿಪಾಠ. 25ರಿಂದ ಅದನ್ನು ಕಳೆ ಅಂದರೆ ಮೇಲೆ ನೋಡುತ್ತಾರೆ.

5. ಅಪ್ರೆಂಟಿಸ್‌ಗೆ ಕಳಿಸುವಾಗ ಹಿಂದೆಯೇ ಹೋಗಿ ನೋಡಿ. ಅಪ್ರೆಂಟಿಸ್ ಕಾಯ್ದೆ 1961ರದ್ದು, ಕಲಿಸಬೇಕೆಂದೇ ಇರುವುದು. ಒಂದು ಕಡೆ ನನ್ನ ಹುಡುಗರು ಮೂರು ತಿಂಗಳು ಪ್ಯಾಕಿಂಗ್‌ನಲ್ಲಿ ಡಬ್ಬಕ್ಕೆ ಟೇಪು ಹಚ್ಚುತ್ತಿದ್ದರು. ಇನ್ನು, ಕೆಲಸ ಸಿಕ್ಕವರು ಬಿಟ್ಟು ಬರುವುದು ಕೈ ಬಾರದೆ ಅಲ್ಲ. ರೂಮಿನ ಬಾಡಿಗೆ ಕೊಟ್ಟ ಮೇಲೆ ಊಟಕ್ಕೆ ಉಳಿಯದೆ. ಇದು ತಿಳಿದ ಮೇಲೆ ಸಂದರ್ಶನಕ್ಕೆ ಬಂದ ಕಂಪನಿಯವರನ್ನು ಸಂಬಳದ ಮಾತಿಗೂ ಮೊದಲು ನಾನು ಕೇಳುತ್ತಿದ್ದದ್ದು, "ರಾತ್ರಿ ಪಾಳಿಗೆ ಕ್ಯಾಂಟೀನ್ ಇದೆಯಾ?"